ಆಲ್ ಬೌಲಿ, ಸ್ಯಾಮ್ ಬ್ರೌನ್: ದನಿ ಕೇಳಿ ಗುರುತಿಸುವುದು ಹೇಗೆ?

1930ರ ಆಸುಪಾಸಿನ ಲಂಡನ್ ಡ್ಯಾನ್ಸ್ ಬ್ಯಾಂಡ್ (ಕುಣಿತಕ್ಕೆ ನುಡಿಸುವ ವಾದ್ಯವೃಂದ) ರೆಕಾರ್ಡ್‌ಗಳಲ್ಲಿ ಹಾಡಿದ್ದು ಆಲ್ ಬೌಲಿ, ಸ್ಯಾಮ್ ಬ್ರೌನ್ ಎಂಬ ಗಾಯಕರಿಬ್ಬರಲ್ಲಿ ಯಾರು ಎಂಬ ಗೊಂದಲ ಸಹಜ. ಎಷ್ಟೋ ಲೇಬಲ್‌ಗಳ ಮೇಲೆ ಬ್ಯಾಂಡಿನ ಹೆಸರು ಮಾತ್ರ ಇರುತ್ತಿತ್ತು. ಗಾಯಕನಿಗೆ ‘ವೋಕಲ್ ರಿಫ್ರೇನ್’ (ಹಾಡುವ ಪಲ್ಲವಿ) ಎಂಬ ಎರಡು ಪದ, ಅಷ್ಟೇ. ಮೂರು ನಿಮಿಷದ ಹಾಡಿನಲ್ಲಿ ಅವನ ಪಾಲಿಗೆ ಸಾಮಾನ್ಯವಾಗಿ ಬರುತ್ತಿದ್ದುದು ಒಂದೇ ಒಂದು ಸುತ್ತು. ಅದನ್ನೇ ಕಿವಿಗೊಟ್ಟು ಕೇಳಬೇಕು.

ಬೌಲಿ ಮೈಕ್ರೊಫೋನಿನ ಗಾಯಕ. 1925ರಲ್ಲಿ ವಿದ್ಯುತ್ ರೆಕಾರ್ಡಿಂಗ್ (ಮೈಕ್ರೊಫೋನ್ ಬಳಸಿ ಧ್ವನಿಮುದ್ರಣ) ಬಂದ ಮೇಲೆ ಕಿರುಚಿ ಹಾಡುವ ಅಗತ್ಯ ತಪ್ಪಿತು. ಅದರ ಪೂರ್ತಿ ಲಾಭ ಪಡೆದವನು ಅವನು. ಅವನ ಹಾಡು ಕಿವಿಯ ಹತ್ತಿರ ಬಂದು ಗುಟ್ಟು ಹೇಳುವ ಹಾಗಿರುತ್ತದೆ. ಸಾಲಿನ ಕೊನೆಯಲ್ಲಿ ದನಿ ಸ್ವಲ್ಪ ಕಂಪಿಸುತ್ತದೆ, ತಾಳಕ್ಕಿಂತ ಒಂದು ಚೂರು ತಡವಾಗಿ ಪದ ಬೀಳುತ್ತದೆ. ರೇ ನೋಬಲ್ ಬ್ಯಾಂಡಿನ ನಿಧಾನದ ಪ್ರೇಮಗೀತೆ ಒಂದನ್ನು ಕೇಳಿದರೆ ಸಾಕು.

ಬ್ರೌನ್ ದನಿ ನೇರ, ಹಗುರ. ಉಚ್ಚಾರ ಇಸ್ತ್ರಿ ಹಾಕಿದ ಶರ್ಟಿನಂತೆ. ಆಂಬ್ರೋಸ್ ಬ್ಯಾಂಡಿನ ಚುರುಕು ಹಾಡುಗಳಿಗೆ, ಗಾಯಕಿ ಎಲ್ಸಿ ಕಾರ್ಲೈಲ್ ಜೊತೆಗಿನ ತುಂಟ ಯುಗಳಗೀತೆಗಳಿಗೆ ಅದೇ ಸರಿ. ಅವನನ್ನು ಸುಮ್ನೆ ‘ಸಪ್ಪೆ’ ಅನ್ನುವುದು ಅನ್ಯಾಯ. ಕುಣಿಯುವವರಿಗೆ ಬೇಕಿದ್ದುದು ತಾಳ ತಪ್ಪದ ಗಾಯಕ, ಅಲ್ವಾ?

ನನಗೆ ಬೌಲಿಯೇ ಜಾಸ್ತಿ ಇಷ್ಟ. ಅಂದಹಾಗೆ, ಲಂಡನ್ನಿಗೆ ಹೋಗುವ ಮೊದಲು ಅವನು ಕಲ್ಕತ್ತಾದ ಹೋಟೆಲ್ ಬ್ಯಾಂಡಿನಲ್ಲೂ ಇದ್ದ. 1941ರ ಏಪ್ರಿಲ್‌ನಲ್ಲಿ ಲಂಡನ್ ಮೇಲಿನ ಬಾಂಬ್ ದಾಳಿಯಲ್ಲಿ ಸತ್ತ. ಬ್ರೌನ್ 1972ರವರೆಗೆ ಬದುಕಿದ್ದ.