ಬೆಕ್ಕಿಗೆ ದಿನಕ್ಕೆ ಎಷ್ಟು ಸಲ ಊಟ ಹಾಕಬೇಕು?

ದೊಡ್ಡ ಬೆಕ್ಕಿಗೆ ಬೆಳಿಗ್ಗೆ 7ಕ್ಕೊಮ್ಮೆ, ಸಂಜೆ 7ಕ್ಕೊಮ್ಮೆ ಸಾಕು. 4 ತಿಂಗಳೊಳಗಿನ ಮರಿಗೆ ನಾಲ್ಕು ಸಲ, 6 ತಿಂಗಳವರೆಗೆ ಮೂರು ಸಲ. 4 ಕೆ.ಜಿ. ತೂಗುವ ಬೆಕ್ಕಿಗೆ ಒಣ ಆಹಾರವಾದರೆ ಇಡೀ ದಿನಕ್ಕೆ ಸುಮಾರು 50-60 ಗ್ರಾಂ, ಅಳೆದೇ ಹಾಕಿ.

ನಮ್ಮ ಮಲೆನಾಡಲ್ಲಿ ಹಾಲನ್ನ ಹಾಕುವುದೇ ರೂಢಿ. ಬೆಕ್ಕಿಗೆ ಬೇಕೇಬೇಕಾದ ಟಾರಿನ್ ಎಂಬ ಪೋಷಕಾಂಶ ಅದರಲ್ಲಿ ಸಾಲದು. ಕೊರತೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಮೀನನ್ನು ಬರೀ ನೀರಲ್ಲಿ ಬೇಯಿಸಿ, ಮುಳ್ಳು ತೆಗೆದು ಕೊಡಿ. ಸಾರಿನ ಮೀನು ಖಂಡಿತ ಬೇಡ: ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ.

ಮಳೆಗಾಲದಲ್ಲಿ ಬಿಚ್ಚಿಟ್ಟ ಪೊಟ್ಟಣ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಇರುವೆ ಮುತ್ತದಂತೆ ಬಟ್ಟಲನ್ನು ನೀರು ತುಂಬಿದ ತಟ್ಟೆಯ ನಡುವೆ ಇಡಿ. ಬೆಕ್ಕು ಇಡೀ ದಿನ ಏನೂ ಮುಟ್ಟದಿದ್ದರೆ ಕಾಯಬೇಡಿ, ಯಕೃತ್ತಿನಲ್ಲಿ ಕೊಬ್ಬು ಕಟ್ಟಬಹುದು, ಪಶುವೈದ್ಯರಿಗೆ ತೋರಿಸಿ.