ಒತ್ತಿದ್ದು ಮೂರು, ತಲುಪಿದ್ದು ಎರಡು

ಪ್ರಶ್ನೆ: ಮಕ್ಕಳ ಬೇಸಿಗೆ ರಜೆಗೆಂದು ಸಿಲ್ವರ್ ಓಕ್ ಹಲಗೆಯಲ್ಲಿ ಹಳೆಯ ಕಾಲದ ವಿಡಿಯೋ ಗೇಮ್ ಪೆಟ್ಟಿಗೆಯೊಂದನ್ನು ಮಾಡಿಸಿ, ಒಂದು ಜಾಯ್‌ಸ್ಟಿಕ್ ಮತ್ತು ಎಂಟು ಗುಂಡಿಗಳನ್ನು ಕೂರಿಸಿದ್ದೇನೆ. ಅವುಗಳ ತಂತಿಗಳನ್ನು ಹಳೆಯ ಕೀಬೋರ್ಡೊಂದರ ಒಳಗಿನ ಬೋರ್ಡಿಗೆ ಬೆಸುಗೆ ಹಾಕಿದೆ. ಒಂದೊಂದಾಗಿ ಒತ್ತಿದರೆ ಎಲ್ಲವೂ ಸರಿ. ಕೆಲವು ಗುಂಡಿಗಳನ್ನು ಮೂರು ಮೂರಾಗಿ ಒತ್ತಿದರೆ ಮೂರನೆಯದು ಕಂಪ್ಯೂಟರಿಗೆ ತಲುಪುವುದೇ ಇಲ್ಲ. ಗುಂಡಿಗಳನ್ನು ಬದಲಾಯಿಸಬೇಕೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಬೇಡ, ಗುಂಡಿಗಳ ತಪ್ಪೇನೂ ಇಲ್ಲ. ನೂರಕ್ಕೂ ಹೆಚ್ಚು ಕೀಲಿಗಳಿಗೆ ಒಂದೊಂದು ತಂತಿ ಎಳೆಯುವುದು ದುಬಾರಿಯಾದ್ದರಿಂದ ಕೀಬೋರ್ಡಿನಲ್ಲಿ ಅವುಗಳನ್ನು ಅಡ್ಡಸಾಲು, ಉದ್ದಸಾಲುಗಳಲ್ಲಿ ಹೆಣೆದಿರುತ್ತಾರೆ. ಈ ಹೆಣಿಗೆಯಲ್ಲಿ ಆಯತವೊಂದರ ಮೂರು ಮೂಲೆಗಳ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ವಿದ್ಯುತ್ತು ಬಳಸುದಾರಿಯಲ್ಲಿ ಹರಿದು, ನಾಲ್ಕನೆಯ ಮೂಲೆಯದನ್ನೂ ಒತ್ತಿದಂತೆ ತೋರುತ್ತದೆ. ನಿಜ ಯಾವುದು, ಸುಳ್ಳು ಯಾವುದು ಎಂದು ತಿಳಿಯದ ಬೋರ್ಡು ಮೂರನೆಯದನ್ನೇ ಕೈಬಿಡುತ್ತದೆ. ಬೆರಳಚ್ಚಿಗೆ ಇದು ಅಡ್ಡಿಯಾಗದು, ಆಟಕ್ಕೆ ಆಗುತ್ತದೆ.

ಪ್ರತಿ ಗುಂಡಿಗೂ ಪ್ರತ್ಯೇಕ ಪಿನ್ ಇರುವ ಬೋರ್ಡು ನಿಮಗೆ ಬೇಕು. 'ಜೀರೋ ಡಿಲೇ' ಎಂಬ ಹೆಸರಿನಲ್ಲಿ ಮಾರುವ ಯುಎಸ್‌ಬಿ ಎನ್‌ಕೋಡರ್ (ಗುಂಡಿಗಳ ಒತ್ತನ್ನು ಕಂಪ್ಯೂಟರಿಗೆ ತಿಳಿಸುವ ಪುಟ್ಟ ಬೋರ್ಡು) ಸಾಕು. ಪ್ರೋಗ್ರಾಮ್ ಬರೆಯುವ ಆಸಕ್ತಿಯಿದ್ದರೆ ಆರ್ಡುಯಿನೋ ಎಂಬ ಪುಟ್ಟ ಪ್ರೋಗ್ರಾಮಬಲ್ ಬೋರ್ಡುಗಳಲ್ಲಿ ಲಿಯೊನಾರ್ಡೋ ಮಾದರಿಯನ್ನು ತೆಗೆದುಕೊಳ್ಳಿ. ಅದು ತಾನೇ ಕೀಬೋರ್ಡಿನಂತೆ ಕಂಪ್ಯೂಟರಿಗೆ ಪರಿಚಯ ಹೇಳಿಕೊಳ್ಳುತ್ತದೆ, ಅದೇ ಬಳಗದ ಊನೋ ಆರ್3 ಮಾದರಿಗೆ ಆ ಶಕ್ತಿ ನೇರವಾಗಿ ಇಲ್ಲ. ಜಾಯ್‌ಸ್ಟಿಕ್ಕಿಗೆ 4, ಗುಂಡಿಗಳಿಗೆ 8, ಒಟ್ಟು 12 ಪಿನ್‌ಗಳು ಸಾಕು. ಪಿನ್‌ಗಳ ಒಳಗಿನ ಪುಲ್‌ಅಪ್ (ಗುಂಡಿ ಒತ್ತದಿದ್ದಾಗ ಪಿನ್ನನ್ನು ಹೆಚ್ಚಿನ ವೋಲ್ಟೇಜಿನಲ್ಲಿ ಹಿಡಿದಿಡುವ ರೆಸಿಸ್ಟರ್) ಚಾಲೂ ಮಾಡಿದರೆ ಹೊರಗೆ ರೆಸಿಸ್ಟರ್ ಬೇಕಿಲ್ಲ. ಒತ್ತಿದ ಕ್ಷಣದಲ್ಲಿ ಸ್ವಿಚ್ಚಿನ ಲೋಹ ಕೆಲವು ಮಿಲಿಸೆಕೆಂಡು ಅದುರುವುದರಿಂದ ಪ್ರೋಗ್ರಾಮಿನಲ್ಲಿ 5 ಮಿಲಿಸೆಕೆಂಡಿನಷ್ಟು ಕಾಯಿಸುವುದು ಒಳ್ಳೆಯದು.

ಆರ್ಡುಯಿನೋ ಆದರೆ ವೈರಿಂಗ್ ಹೀಗಿರಲಿ. ಗುಂಡಿ, ಜಾಯ್‌ಸ್ಟಿಕ್ಕುಗಳ ಕೆಳಗಿನ ಪ್ರತಿ ಮೈಕ್ರೋಸ್ವಿಚ್ಚಿನ ಮೂರು ಕಾಲುಗಳಲ್ಲಿ ಸಿಓಎಂ (ಸಾಮಾನ್ಯ ಕಾಲು) ಎಂದು ಬರೆದದ್ದನ್ನೆಲ್ಲ ಒಂದೇ ತಂತಿಯಲ್ಲಿ ಪೋಣಿಸಿ ಗ್ರೌಂಡಿಗೂ, ಎನ್‌ಓ (ಒತ್ತಿದಾಗ ಮಾತ್ರ ಸಂಪರ್ಕವಾಗುವ ಕಾಲು) ಎಂದು ಬರೆದದ್ದನ್ನು ಆಯಾ ಪಿನ್ನಿಗೂ ಕೊಡಿ. ಒತ್ತದಿದ್ದಾಗ ಸಂಪರ್ಕದಲ್ಲಿರುವ ಎನ್‌ಸಿ ಕಾಲಿಗೆ ಕೊಟ್ಟರೆ ಕೈ ತೆಗೆದಾಗಲೇ ಒತ್ತಿದಂತಾಗುತ್ತದೆ. ಸಾಮಾನ್ಯವಾಗಿ ಜಾಯ್‌ಸ್ಟಿಕ್ಕನ್ನು ಮೇಲಕ್ಕೆ ತಳ್ಳಿದಾಗ ಒತ್ತುವುದು ಕೆಳಗಿನ ಸ್ವಿಚ್ಚು (ಇಲ್ಲಿ ಎಡವದವರೇ ಕಡಿಮೆ). ನಿಮ್ಮೂರಿನ ಮಳೆಗಾಲದ ಥಂಡಿಗೆ ಬರಿದೆ ಸುತ್ತಿದ ತಾಮ್ರ ಹಸಿರುಗಟ್ಟುತ್ತದೆ. ತಂತಿಯ ತುದಿಗೆ ಸ್ಪೇಡ್ ಟರ್ಮಿನಲ್ (ಸ್ವಿಚ್ಚಿನ ಕಾಲಿಗೆ ಸಿಕ್ಕಿಸುವ ಲೋಹದ ತುದಿ) ಬಿಗಿದು ಸಿಕ್ಕಿಸಿ, ಜೋಡಿಸಿದ ನಂತರ ಯಾವುದೇ ಆಟ ತೆರೆಯುವ ಮೊದಲು ನೋಟ್‌ಪ್ಯಾಡಿನಲ್ಲಿ ಮೂರು ಗುಂಡಿ ಒಟ್ಟಿಗೆ ಒತ್ತಿ ನೋಡಿ. ಎನ್‌ಕೋಡರ್ ಆದರೆ ವಿಂಡೋಸಿನ ಗೇಮ್ ಕಂಟ್ರೋಲರ್ ಪರೀಕ್ಷೆಯಲ್ಲಿ ಮೂರು ದೀಪ ಹತ್ತಬೇಕು.