ಸುಳ್ಳು ಹೇಳದ ಕಲ್ಲು ಮೋಸ ಮಾಡಿದ್ದು ಹೇಗೆ?

ಪ್ರಶ್ನೆ: ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯಲ್ಲಿ ದೂರದ್ದನ್ನು ಕಾಣಿಸುವ ಪಲಂಟೀರ್ ಕಲ್ಲು ಸುಳ್ಳು ತೋರಿಸುವುದಿಲ್ಲವಂತೆ. ಮತ್ತೆ ಗೊಂಡೋರ್ ನಾಡನ್ನು ಆಳುತ್ತಿದ್ದ ಡೆನೆಥಾರ್ ಅದನ್ನು ನೋಡಿ ಮೋಸ ಹೋಗಿದ್ದು ಹೇಗೆ?

ಉತ್ತರ: ಆ ಕಥೆಯಲ್ಲಿ ನನಗೆ ಮಾಯಾ ಉಂಗುರಕ್ಕಿಂತ ಜಾಸ್ತಿ ಇಷ್ಟವಾದ ವಸ್ತು ಈ ಕಲ್ಲು. ಇಲ್ಲದ್ದನ್ನು ಹುಟ್ಟಿಸಿ ತೋರಿಸುವುದು ಕಥೆಯ ಖಳನಾಯಕ ಸೌರಾನ್‌ನ ಕೈಯಲ್ಲೂ ಆಗಲಿಲ್ಲ. ಆದರೆ ಅವನ ಬಳಿಯೂ ಇಂಥದ್ದೊಂದು ಕಲ್ಲಿತ್ತು, ಅವನ ಮನಸ್ಸಿನ ಬಲವೂ ದೊಡ್ಡದು. ಡೆನೆಥಾರ್‌ಗೆ ಏನು ಕಾಣಬೇಕು ಅನ್ನುವುದನ್ನು ಅವನೇ ಆರಿಸುತ್ತಿದ್ದ. ಶತ್ರುಗಳ ಕಪ್ಪು ಹಾಯಿಯ ಹಡಗುಗಳು ನದಿಯಲ್ಲಿ ಮೇಲಕ್ಕೆ ಬರುತ್ತಿರುವುದು ಡೆನೆಥಾರ್‌ಗೆ ಕಂಡಿತು. ಹಡಗುಗಳು ನಿಜವೇ. ಅವುಗಳಲ್ಲಿ ಇದ್ದದ್ದು ಶತ್ರುಗಳಲ್ಲ, ಅವುಗಳನ್ನು ವಶಪಡಿಸಿಕೊಂಡು ನೆರವಿಗೆ ಹೊರಟ ಅರಗಾರ್ನ್, ಗೊಂಡೋರ್ ಸಿಂಹಾಸನದ ವಾರಸುದಾರ! ಅದೊಂದು ಗೊತ್ತಾಗದೆ ಡೆನೆಥಾರ್ ಆಸೆ ಬಿಟ್ಟು ಚಿತೆ ಏರಿದ. ಕಣ್ಣಾರೆ ಕಂಡದ್ದನ್ನು ಯಾರು ತಾನೇ ಅನುಮಾನಿಸುತ್ತಾರೆ, ಅಲ್ವಾ?

ಕಲ್ಲಿಗೂ ಮಿತಿಗಳಿವೆ. ಗೋಡೆ, ಗುಡ್ಡ ಅದಕ್ಕೆ ಅಡ್ಡಿಯಲ್ಲ, ಆದರೆ ಕತ್ತಲಲ್ಲಿ ಇರುವುದು ಕಾಣುವುದಿಲ್ಲ. ಈ ವಿವರ 1980ರಲ್ಲಿ ಬಂದ ಟೋಲ್ಕಿನ್‌ರ ‘ಅನ್‌ಫಿನಿಶ್ಡ್ ಟೇಲ್ಸ್’ ಪುಸ್ತಕದಲ್ಲಿದೆ. ಸಿಕ್ಕರೆ ಖಂಡಿತ ಓದಿ.

ಇನ್ನೊಂದು ಮಾತು. ಒಂದು ಕಲ್ಲಿನ ಮುಂದೆ ಕೂತವರು ಇನ್ನೊಂದರ ಮುಂದೆ ಇರುವವರಿಗೂ ಕಾಣುತ್ತಾರೆ. ದ್ರೋಹಿ ಮಾಂತ್ರಿಕ ಸಾರುಮಾನ್‌ನ ಬಳಿಯಿದ್ದ ಕಲ್ಲಿನಲ್ಲಿ ಪಿಪಿನ್ ಎಂಬ ಪುಟ್ಟ ಹಾಬಿಟ್ ಕುತೂಹಲ ತಡೆಯಲಾರದೆ ಇಣುಕಿದಾಗ ಸೌರಾನ್ ಅವನನ್ನು ನೋಡಿದ, ಸಾರುಮಾನ್‌ನ ಸೆರೆಯಾಳು ಅಂದುಕೊಂಡ. ಆಮೇಲೆ ಅರಗಾರ್ನ್ ಬೇಕೆಂದೇ ಅದೇ ಕಲ್ಲಿನಲ್ಲಿ ಕಾಣಿಸಿಕೊಂಡ. ತಾನು ಕಳೆದುಕೊಂಡಿದ್ದ ಆ ಉಂಗುರ ಇವನ ಹತ್ತಿರವೇ ಇರಬಹುದೆಂದು ಸೌರಾನ್ ಹೆದರಿದ, ಆತುರಪಟ್ಟು ದಂಡೆತ್ತಿ ಬಂದ. ಅಂದರೆ ನಿಜ ತೋರಿಸುವ ಕಲ್ಲು ಕೊನೆಗೆ ಸೌರಾನ್‌ನನ್ನೂ ದಾರಿ ತಪ್ಪಿಸಿತು.